ಹೊಡೆದುಹಾಕಿದ ಸಾಲು

ಹೆಸರು ಬೇಡವೆಂದು ಕೋರಿರುವ ಓದುಗರೊಬ್ಬರ ಪತ್ರದ ಸಾರ: "ಮೂರು ವರ್ಷಗಳಿಂದ ಕಲಾವಿದರು, ಚಿಂತಕರು, ವಿಜ್ಞಾನಿಗಳ ಜೀವನಚರಿತ್ರೆಗಳನ್ನೇ ಓದುತ್ತಿದ್ದೇನೆ. ಒಂದೊಂದು ಪುಸ್ತಕ ಮುಗಿದಾಗಲೂ ಅದರಿಂದ ಕಲಿತ ಪಾಠವನ್ನು ಒಂದು ಸಾಲಿನಲ್ಲಿ ಬರೆದಿಡುತ್ತೇನೆ. ಈಗ 40 ಪಾಠಗಳಾಗಿವೆ. ಪಟ್ಟಿ ಲಗತ್ತಿಸಿದ್ದೇನೆ. ಆದರೆ ನಾನು ಮಾತ್ರ ಇದ್ದ ಹಾಗೇ ಇದ್ದೇನೆ. ನನ್ನ ಓದಿನ ಕ್ರಮವೇ ತಪ್ಪೇ? ಉಪಯೋಗವೆನಿಸಿದರೆ ಪಟ್ಟಿಯನ್ನು ಪ್ರಕಟಿಸಿ."

ಪ್ರಿಯ ಓದುಗರೇ,

ಪಟ್ಟಿಯನ್ನು ಎರಡು ಸಲ ಓದಿದೆ. 'ಏಕಾಂತವಿಲ್ಲದೆ ದೊಡ್ಡ ಕೆಲಸವಿಲ್ಲ' ಎನ್ನುತ್ತದೆ 9ನೆಯ ಪಾಠ. 'ಒಳ್ಳೆಯ ಸಂಗವಿಲ್ಲದೆ ಯಾರೂ ಬೆಳೆಯಲಿಲ್ಲ' ಎನ್ನುತ್ತದೆ 31ನೆಯದು. ಎರಡೂ ನಿಜವೇ ಇರಬಹುದು. ಆದರೆ ನಾಳೆ ಬೆಳಿಗ್ಗೆ ಎದ್ದು ಬಾಗಿಲು ಹಾಕಿಕೊಳ್ಳಬೇಕೋ ತೆಗೆದಿಡಬೇಕೋ?

ಜೀವನಚರಿತ್ರೆ ಬರೆಯುವವರಿಗೆ ಕಥೆಯ ಕೊನೆ ಗೊತ್ತಿರುತ್ತದೆ. ಹಾಗಾಗಿ ನಡುವಿನ ಸೋಲುಗಳೆಲ್ಲ ಗೆಲುವಿಗೆ ಬರೆದ ಪೀಠಿಕೆಯಂತೆ ಕಾಣತೊಡಗುತ್ತವೆ. ಅದನ್ನು ಅನುಭವಿಸುತ್ತಿದ್ದವರಿಗೆ ಅದು ಬರೀ ಸೋಲು. ಅದಕ್ಕೇ ನನಗೆ ಇಂಥವರ ಚರಿತ್ರೆಗಿಂತ ಪತ್ರಗಳ ಮೇಲೆ ಹೆಚ್ಚು ಒಲವು. ಪತ್ರ ಬರೆಯುವಾಗ ನಾಳೆ ಏನಾಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ.

ಡಾರ್ವಿನ್ ಹೆಸರಿನ ಮುಂದೆ ನೀವು 'ತಾಳ್ಮೆ' ಎಂದು ಒಂದೇ ಪದ ಬರೆದಿದ್ದೀರಿ. ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬದುಕುವ ಬಾರ್ನಕಲ್ ಎಂಬ ಪುಟ್ಟ ಜೀವಿಯನ್ನು ಆತ 1846ರಿಂದ ಎಂಟು ವರ್ಷ ಕೊಯ್ದು ನೋಡಿದ್ದು ನಿಜ. ಆದರೆ 1852ರಲ್ಲಿ ಗೆಳೆಯನಿಗೆ ಬರೆದ ಪತ್ರ ನೋಡಿ: ಬಾರ್ನಕಲ್ಲನ್ನು ತನ್ನಷ್ಟು ದ್ವೇಷಿಸಿದವರು ಹಿಂದೆ ಯಾರೂ ಇಲ್ಲವಂತೆ, ನಿಧಾನವಾಗಿ ತೆವಳುವ ಹಡಗಿನಲ್ಲಿ ಸಿಕ್ಕಿಕೊಂಡ ನಾವಿಕ ಕೂಡ! ಇದು ನಾವು ಭಾಷಣಗಳಲ್ಲಿ ಕೊಂಡಾಡುವ ತಾಳ್ಮೆಯಂತಿಲ್ಲ. ಗೊಣಗುತ್ತಲೇ ಮರುದಿನ ಮತ್ತೆ ಮೇಜಿಗೆ ಬಂದು ಕೂತವನ ಪಾಡು ಇದು.

ಡಾರ್ವಿನ್ನನಿಂದ ನಾನು ತೆಗೆದುಕೊಂಡದ್ದು ಇನ್ನೂ ಸಣ್ಣದು. ತನ್ನ ವಾದಕ್ಕೆ ವಿರುದ್ಧವಾದ ಸಂಗತಿ ಕಣ್ಣಿಗೆ ಬಿದ್ದರೆ ಆತ ತಕ್ಷಣ ಬರೆದಿಟ್ಟುಕೊಳ್ಳುತ್ತಿದ್ದ. ಅನುಕೂಲದ ಸಂಗತಿಗಳು ನೆನಪಿನಲ್ಲಿ ಉಳಿದುಬಿಡುತ್ತವೆ, ಅನನುಕೂಲದವು ಬೇಗ ಜಾರಿಹೋಗುತ್ತವೆ ಎಂದು ಅನುಭವದಿಂದ ಕಂಡುಕೊಂಡಿದ್ದ. ಇದನ್ನು ಯಾರು ಬೇಕಾದರೂ ಇವತ್ತೇ ಶುರುಮಾಡಬಹುದು. (ನಾನೂ ಮಾಡಿದ್ದೆ. ನನ್ನ ಸಂಪಾದಕೀಯಗಳನ್ನು ಒಪ್ಪದ ಪತ್ರಗಳಿಗೆ ಬೇರೆಯೇ ಒಂದು ಫೈಲು ಇಟ್ಟಿದ್ದೆ. ಅದು ದಪ್ಪವಾಗತೊಡಗಿದ ಮೇಲೆ ಕಪಾಟಿನ ಮೇಲರೆಗೆ ಏರಿಸಿದೆ.) ಅದೇ ಡಾರ್ವಿನ್, ವಯಸ್ಸಾದ ಮೇಲೆ ಕವಿತೆ, ಸಂಗೀತಗಳ ರುಚಿಯೇ ತನಗೆ ಹೊರಟುಹೋಯಿತೆಂದು ಕೊರಗಿದ್ದಾನೆ. ಮತ್ತೆ ಬದುಕುವುದಾದರೆ ವಾರಕ್ಕೊಮ್ಮೆಯಾದರೂ ಕವಿತೆ ಓದುತ್ತೇನೆ, ಸಂಗೀತ ಕೇಳುತ್ತೇನೆ ಎಂದು ಬರೆದಿದ್ದಾನೆ. ನಿಮ್ಮ ಪಟ್ಟಿಯಲ್ಲಿ ಹೀಗೆ ಕಳೆದುಕೊಂಡದ್ದರ ಲೆಕ್ಕ ಎಲ್ಲೂ ಇಲ್ಲ.

ಚಿಂತಕ ರೂಸೋ ಬಗ್ಗೆ ಒಂದೇ ಮಾತು. ಮಕ್ಕಳ ಶಿಕ್ಷಣವನ್ನು ಕುರಿತು 1762ರಲ್ಲಿ 'ಎಮಿಲ್' ಪ್ರಕಟಿಸಿದವನು ತನ್ನ ಐದು ಮಕ್ಕಳನ್ನೂ ಅನಾಥಾಲಯಕ್ಕೆ ಬಿಟ್ಟಿದ್ದ. ಆತ್ಮಕಥೆಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. 'ನುಡಿದಂತೆ ನಡೆದರು' ಎಂಬ ಪಾಠದ ಕೆಳಗೆ ಆತನ ಹೆಸರು ಹೇಗೆ ಬಂತೋ ತಿಳಿಯಲಿಲ್ಲ.

ಈಗ 22ನೆಯ ಪಾಠಕ್ಕೆ ಬರುತ್ತೇನೆ, ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ. 'ನೋವೇ ಕಲೆಯ ತಾಯಿ: ವ್ಯಾನ್ ಗೋ'. ಈ ಮಾತಿನಿಂದ ಎಷ್ಟು ಎಳೆಯರು ತಮ್ಮ ನೋವನ್ನು ಗೊಬ್ಬರ ಹಾಕಿ ಬೆಳೆಸಿಕೊಂಡಿದ್ದಾರೋ! ಕಾಯಿಲೆ ಕೆರಳಿದಾಗ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋನ ಕೆಲಸ ಎಷ್ಟೋ ಸಲ ವಾರಗಟ್ಟಲೆ ನಿಂತುಹೋಗುತ್ತಿತ್ತು. ಕಲಾವಿದನಾಗುವುದೆಂದು 1880ರಲ್ಲಿ, 27ರ ವಯಸ್ಸಿನಲ್ಲಿ ನಿರ್ಧರಿಸಿದ ಆತ 1890ರಲ್ಲಿ ತೀರಿಕೊಂಡ. ಆ ಹತ್ತು ವರ್ಷಗಳಲ್ಲಿ 800ಕ್ಕೂ ಹೆಚ್ಚು ತೈಲಚಿತ್ರಗಳು. ಬಣ್ಣಕ್ಕೆ, ಬಾಡಿಗೆಗೆ, ಹೊಟ್ಟೆಗೆ ಹಣ ಬರುತ್ತಿದ್ದದ್ದು ಪ್ಯಾರಿಸ್ಸಿನಲ್ಲಿ ಚಿತ್ರಗಳ ಮಾರಾಟದ ಕೆಲಸದಲ್ಲಿದ್ದ ತಮ್ಮ ಥಿಯೋನಿಂದ. ಅಣ್ಣ ಹೋದ ಆರು ತಿಂಗಳಿಗೆ ಥಿಯೋ ಕೂಡ ಹೋದ. ಆಗ ಆತನ ಹೆಂಡತಿ ಯೊಹಾನಾಳ ಕೈಯಲ್ಲಿ ಇನ್ನೂ ವರ್ಷ ತುಂಬದ ಮಗು. ಮನೆ ತುಂಬ ಯಾರಿಗೂ ಬೇಡವಾದ ಚಿತ್ರಗಳು. ಅವನ್ನು ಕಾಪಾಡಿ, ಪ್ರದರ್ಶನಗಳಿಗೆ ಕಳಿಸಿ, 1914ರಲ್ಲಿ ಪತ್ರಗಳನ್ನೂ ಅಚ್ಚು ಹಾಕಿಸಿದವಳು ಆಕೆ. 40 ಪಾಠಗಳಲ್ಲಿ ಆಕೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ಆದರೆ 23ನೆಯ ಸಾಲನ್ನು ನೀವು ಪೆನ್ನಿನಲ್ಲಿ ಹೊಡೆದುಹಾಕಿದ್ದೀರಿ. ಬೆಳಕಿಗೆ ಹಿಡಿದರೆ ಓದಲು ಬರುತ್ತದೆ: 'ಥಿಯೋಗೆ ಇದೆಲ್ಲ ಇಷ್ಟವಿತ್ತೇ?'

ಪಾಠದಂತಿಲ್ಲವೆಂದು ತೆಗೆದಿರಬೇಕು. ಇಡೀ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ. ವಿನ್ಸೆಂಟ್ ತಮ್ಮನಿಗೆ ಬರೆದ 650ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಥಿಯೋ ಅಣ್ಣನಿಗೆ ಬರೆದವು ಉಳಿದಿರುವುದು ಸುಮಾರು 40. ಒಬ್ಬ ಜೋಪಾನ ಮಾಡಿದ, ಇನ್ನೊಬ್ಬನಿಗೆ ಆ ಅಭ್ಯಾಸವಿರಲಿಲ್ಲ. ಇಬ್ಬರೂ ಪ್ಯಾರಿಸ್ಸಿನಲ್ಲಿ ಒಟ್ಟಿಗಿದ್ದಾಗ, ಮನೆಯಲ್ಲಿ ಬದುಕುವುದೇ ಕಷ್ಟವಾಗಿದೆಯೆಂದು ಥಿಯೋ ತಂಗಿಗೆ ಬರೆದುಕೊಂಡಿದ್ದ. ಆಮೇಲೂ ಹಣ ಕಳಿಸುವುದನ್ನು ನಿಲ್ಲಿಸಲಿಲ್ಲ.

ಪಟ್ಟಿಯನ್ನು ಪ್ರಕಟಿಸುತ್ತಿಲ್ಲ, ಹಿಂದಿರುಗಿಸುತ್ತಿದ್ದೇನೆ. 23ನೆಯ ಸಾಲನ್ನು ಹಿಡಿದು ಒಂದು ಲೇಖನ ಬರೆದುಕೊಡಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ.

ಸಂಪಾದಕ