ಹಿತ್ತಲ ಪ್ರಶ್ನೋತ್ತರ: ಸ್ನೋಡ್ರಾಪ್ ಅಂತ ತರಿಸಿದ ಗಡ್ಡಿ, ಅರಳಿದ್ದು ರೈನ್ ಲಿಲ್ಲಿ

ಪ್ರಶ್ನೆ: ಆನ್‌ಲೈನ್‌ನ್ಯಾಗ ಸ್ನೋಡ್ರಾಪ್ ಅಂತ ಗಡ್ಡಿ ತರಿಸಿ ಹಚ್ಚಿದ್ದೆ. ಜೂನ್ ಮಳಿ ಬಿದ್ದ ಮ್ಯಾಲ ಬಿಳಿ ಹೂ ಬಂತು, ಆದ್ರ ಪ್ಯಾಕೆಟ್ ಮ್ಯಾಲಿನ ಚಿತ್ರಕ್ಕೂ ಇದಕ್ಕೂ ಹೊಂದವಲ್ದು. ಫೋಟೋ ಕಳಿಸೇನಿ, ಇದು ಸ್ನೋಡ್ರಾಪ್‌ನ ಯಾವ ವೆರೈಟಿ?
– ಓದುಗರು, ಹುಬ್ಬಳ್ಳಿ

ನಿಮ್ಮದು ಸ್ನೋಡ್ರಾಪ್‌ನ ಯಾವ ವೆರೈಟಿನೂ ಅಲ್ರಿ, ಬಿಳಿ ರೈನ್ ಲಿಲ್ಲಿ, ಜೆಫಿರಾಂಥಸ್ ಕ್ಯಾಂಡಿಡಾ. ಫೋಟೋದಾಗ ಹೂ ಆಕಾಶ ನೋಡ್ಕೋತ ಬಾಯಿ ತೆರದೈತಿ, ಆರೂ ಎಸಳು ಒಂದ ಅಳತಿ, ನಡುವ ಹಳದಿ ಕೇಸರ ಎದ್ದು ಕಾಣಾತಾವ, ಎಲಿ ಕಡ್ಡಿಯಂಗ ಸಣ್ಣಗ ನೆಟ್ಟಗ ನಿಂತಾವ. ಸ್ನೋಡ್ರಾಪ್ ಅಂದ್ರ ಥಂಡಿ ದೇಶದ ಸಣ್ಣ ಬಿಳಿ ಹೂ, ಅದಾಗಿದ್ರ ಹೂ ತಲಿ ತಗ್ಗಿಸಿ ನೆಲ ನೋಡ್ತಿತ್ತು, ಹೊರಗ ಮೂರು ಉದ್ದನ ಎಸಳು, ಒಳಗ ಮೂರು ಗಿಡ್ಡ ಎಸಳು, ಆ ಒಳಗಿನ ಎಸಳಿನ ತುದಿಗೆ ಹಸರು ಗುರ್ತು ಇರ್ತಿತ್ತು. ಎರಡೂ ಅಮರಿಲ್ಲಿಡೇಸಿ ಕುಟುಂಬದಾವ, ಗಡ್ಡಿ ಮಾತ್ರ ನೋಡಿದ್ರ ಗುರ್ತು ಹತ್ತೂದು ಕಷ್ಟ, ಅದಕ್ಕ ಮಾರಾವ್ರಿಗೆ ಹಿಂಗ ಮಾರೂದು ಸಲೀಸು. ಹೂ ಬಿಟ್ಟ ಫೋಟೋ ಹಚ್ಚಿ ರೊಕ್ಕ ವಾಪಸ್ ಕೇಳ್ರಿ, ಕೇಳೂದು ನಿಮ್ಮ ಹಕ್ಕು. ಆದ್ರ ಗಡ್ಡಿ ಕಿತ್ತು ಒಗಿಬ್ಯಾಡ್ರಿ ಅಂತ ಕೈ ಮುಗದು ಕೇಳ್ತೀನಿ. ದಕ್ಷಿಣ ಅಮೆರಿಕಾದ ಈ ಗಿಡಕ್ಕ ನಮ್ಮ ಹವಾ ಭಾಳ ಒಗ್ಗೈತಿ. ಪೂರಾ ಬಿಸಿಲು ಬೀಳೂ ಕಡೆ, ಎರಡು ಇಂಚ್ ಆಳಕ್ಕ, ಗಡ್ಡಿ ಗಡ್ಡಿ ನಡುವ ನಾಕು ಬೆರಳು ಜಾಗ ಬಿಟ್ಟು ಹಚ್ರಿ. ನಿಮ್ಮ ಹುಬ್ಬಳ್ಳಿ ಎರಿ ಮಣ್ಣಿಗೆ ಒಂದೀಟು ಉಸುಕು, ಹಳೇ ತಿಪ್ಪಿಗೊಬ್ಬರ ಕೂಡಿಸಿದ್ರ ಸಾಕು, ಅದರಾಗೂ ಕ್ಯಾಂಡಿಡಾ ನೀರು ನಿಂತ್ರೂ ತಡೀತೈತಿ. ಒಂದಷ್ಟು ವಾರ ಒಣಗಾಕ ಬಿಟ್ಟು ಆಮ್ಯಾಲ ಚೊಲೋತ್ನಂಗ ನೀರು ಹೊಡದ್ರ ಮಳಿ ಇಲ್ಲದಾಗೂ ಮೊಗ್ಗಿ ಹಾಕತೈತಿ.

ಪ್ರಶ್ನೆ: ನಮ್ಮ ಮಗಳು ಕೇಂಬ್ರಿಡ್ಜ್‌ನ್ಯಾಗ ಇರ್ತಾಳ, ಫೆಬ್ರವರಿಗೆ ನಾವು ಹೊಂಟೇವಿ. ಅಕಿ ಹಿತ್ತಲದಾಗ ಸ್ನೋಡ್ರಾಪ್ ತಾನ ಎದ್ದಾವಂತ, ನೂರಾರು ಜಾತಿ ಅದಾವ ಅಂತಾಳ. ಗುರ್ತು ಹಿಡಿಯೂದು ಹೆಂಗ? ಬರೂಮುಂದ ನಾಕು ಗಡ್ಡಿ ಧಾರವಾಡಕ್ಕ ತರಬಹುದಾ?
– ಓದುಗರು, ಸಪ್ತಾಪುರ, ಧಾರವಾಡ

ಪುಣ್ಯವಂತರ ನೀವು, ಫೆಬ್ರವರಿ ಅಂದ್ರ ಅಲ್ಲೆ ಅದರ ಸುಗ್ಗಿ! ಮೂಲ ಜಾತಿ ಇಪ್ಪತ್ತರ ಮ್ಯಾಲ ಅದಾವ, ಯುರೋಪಿನಿಂದ ಟರ್ಕಿ, ಕಾಕಸಸ್ ಗುಡ್ಡದ ತನಕ ಬೆಳೀತಾವ, ತೋಟದಾಗ ಹುಟ್ಟಿದ ತಳಿ ಮಾತ್ರ ನೂರಾರು. ಅವನ್ನೆಲ್ಲಾ ಕಲಿಯಾಕ ಹೋಗಬ್ಯಾಡ್ರಿ, ನಾಕು ಜಾತಿ ತಿಳಕೊಂಡ್ರ ಹಿತ್ತಲದಾಗಿಂದು ಬಹುತೇಕ ಗುರ್ತು ಸಿಗ್ತೈತಿ. ಎಲ್ಲಾರೂ ಮೊದಲ ಹೂವಿನ ಹಸರು ಗುರ್ತು ನೋಡ್ತಾರ, ನಾ ಮಾತ್ರ ಮೊದಲ ಮಂಡಿ ಊರಿ ಎಲಿ ನೋಡ್ರಿ ಅಂತೀನಿ, ಯಾಕಂದ್ರ ಗುರ್ತು ಹೂವಿನಿಂದ ಹೂವಿಗೆ ಬದಲಾಗ್ತೈತಿ, ಎಲಿ ನೆಲದಿಂದ ಏಳೂ ರೀತಿ ಅಷ್ಟು ಸುಲಭಕ್ಕ ಬದಲಾಗೂದಿಲ್ಲ.

ಎಲಿ ಸಣ್ಣಗ, ಬೂದಿ ಹಸರು, ಬುಡದಾಗ ಎರಡೂ ಎಲಿ ಎದುರುಬದುರು ಚಪ್ಪಟೆ ಕೂಡಿದ್ದ್ರ ಅದು ಗ್ಯಾಲಾಂಥಸ್ ನಿವಾಲಿಸ್ (ಗ್ಯಾಲಾಂಥಸ್ ಅಂದ್ರ ಸ್ನೋಡ್ರಾಪ್ ಕುಲದ ಶಾಸ್ತ್ರೀಯ ಹೆಸರು), ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಾಗ ಹೆಸರಿಟ್ಟಿದ್ದು, ಇಂಗ್ಲೆಂಡಿನಾಗ ಎಲ್ಲಾ ಕಡೆ ಕಾಣೂದು ಇದ. ಅಗಲ ಬೂದಿ ಎಲಿ, ಬುಡದಾಗ ಒಂದು ಎಲಿ ಇನ್ನೊಂದನ್ನ ಸುತ್ತಿಕೊಂಡಿದ್ರ ಎಲ್ವೆಸಿಯೈ. ಹೆನ್ರಿ ಜಾನ್ ಎಲ್ವೆಸ್ ಅನ್ನಾವ್ರು 1874ರಾಗ ಟರ್ಕಿಯ ಇಜ್ಮಿರ್ ಹತ್ರದ ಗುಡ್ಡದಾಗ ಕಂಡಿದ್ದು, ಹೆಸರು ಅವರದ. ಇದರ ಒಳ ಎಸಳಿನಾಗ ಬುಡಕ್ಕೊಂದು ತುದಿಗೊಂದು ಎರಡು ಹಸರು ಗುರ್ತು ಇರ್ತಾವ, ಕೆಲವೊಮ್ಮೆ ಎರಡೂ ಕೂಡಿ ಒಂದ ಆಗಿರ್ತಾವ, ಇನ್ನ ಕೆಲವದರಾಗ ತುದೀದು ಅಷ್ಟ ಇರ್ತೈತಿ, ಹೂ ನೋಡಿ ಮೋಸ ಹೋಗೂದು ಇಲ್ಲೇ. ಹಂಗ ಸುತ್ತಿಕೊಂಡ ಎಲೀನ ಬೂದಿ ಬಣ್ಣ ಇಲ್ಲದ ಮಿಂಚೂ ಹಸರು ಇದ್ದ್ರ ವೊರೊನೊವಿಯೈ. ಇನ್ನ ಪ್ಲಿಕೇಟಸ್ ಅಂತೂ ಸೀರಿಗೆ ಫಾಲ್ ಹಚ್ಚೂಮುಂದ ಅಂಚು ಮಡಚಿದಂಗ ಎಲಿಯ ಎರಡೂ ಅಂಚು ಹಿಂದಕ್ಕ ಮಡಚಿರ್ತೈತಿ, ಬೆರಳು ಆಡಿಸಿದ್ರ ಕೈಗೆ ಹತ್ತತೈತಿ.

ಎಲಿ ಆದ ಮ್ಯಾಲ ಹೂವಿಗೆ ಬರ್ರಿ. ಮೆತ್ತಗ ಒಂದು ಬೆರಳಿಲೆ ಹೂ ಎತ್ತಿ ಒಳಗ ನೋಡ್ರಿ, ಕೀಳಬ್ಯಾಡ್ರಿ. ಒಳಗ ಎಸಳು ಕಿಕ್ಕಿರದಿದ್ರ ಫ್ಲೋರ್ ಪ್ಲೀನೊ ಅನ್ನೂ ತಳಿ, ಹೊರ ಎಸಳಿನ ತುದಿಗೂ ಹಸರಿದ್ದ್ರ ವಿರಿಡೇಪಿಸ್ ಥರದ್ದು, ಹೂವಿನ ತೊಟ್ಟು ಭಾಳ ಉದ್ದ ಇದ್ದು ಗಾಳಿಗೆ ಜೋತಾಡ್ತಿದ್ದ್ರ ಮ್ಯಾಗ್ನೆಟ್ ಇರಬಹುದು. ಆರೂ ಎಸಳು ಸಮಾ ಇದ್ದು ಆರಕ್ಕೂ ತುದಿಗೆ ಹಸರು ಚುಕ್ಕಿ ಇದ್ರ ಅದು ಸ್ನೋಡ್ರಾಪ್ ಅಲ್ಲ, ಲ್ಯೂಕೋಜಮ್, ಸ್ನೋಫ್ಲೇಕ್ ಅಂತಾರ. ಬಿಸಲು ಬಿದ್ದು ಹವಾ 10 ಡಿಗ್ರಿ ದಾಟಿದಾಗ ಹೊರಗಿನ ಮೂರು ಎಸಳು ರೆಕ್ಕಿಯಂಗ ಬಿಚ್ಚತಾವ, ಅಂಥಾ ಹೊತ್ತಿನಾಗ ನೋಡಿದ್ರ ಒಳಗಿನ ಗುರ್ತು ಸ್ಪಷ್ಟ. ಕೇಂಬ್ರಿಡ್ಜ್ ಹತ್ರನ ನ್ಯಾಷನಲ್ ಟ್ರಸ್ಟ್‌ನ ಆಂಗಲ್ಸಿ ಆಬಿ ತೋಟ ಐತಿ, ಸ್ನೋಡ್ರಾಪ್‌ಗೆ ಹೆಸರಾದದ್ದು, ದಯವಿಟ್ಟು ಒಂದು ದಿನ ಅದಕ್ಕ ಇಡ್ರಿ.

ಮಗಳಿಗೆ ಒಂದು ಮಾತು ಹೇಳ್ರಿ, ಗುಂಪು ದಟ್ಟ ಆಗಿ ಹೂ ಕಡಿಮಿ ಆದ್ರ ಹೂ ಮುಗದ ಕೂಡಲೆ, ಎಲಿ ಇನ್ನ ಹಸರಿದ್ದಾಗನ ಎತ್ತಿ ಬಿಡಿಸಿ, ಮೊದಲಿನಷ್ಟ ಆಳಕ್ಕ ಬ್ಯಾರೆ ಕಡೆ ಹಚ್ಚಬೇಕು, ಎಲಿ ಉದುರೂ ಗಿಡದ ಕೆಳಗ ಆದ್ರ ಚೊಲೋ. ಒಣ ಗಡ್ಡಿ ಅಂಗಡಿಯಾಗಿಂದ ತಂದ್ರ ಅರ್ಧಕ್ಕರ್ಧ ಏಳೂದಿಲ್ಲ, ಅದು ಲಗೂನ ಒಣಗಿ ಹೋಗೂ ಜಾತಿ. ಎಲಿ ತಾನ ಹಳದಿ ಆಗೂ ತನಕ ಕತ್ತರಿ ಮುಟ್ಟಿಸಬಾರದು, ಮುಂದಿನ ವರ್ಷದ ಹೂವಿಗೆ ಊಟ ಆ ಎಲಿನ ಕೂಡಿ ಹಾಕೂದು.

ಗಡ್ಡಿ ತರೂ ವಿಚಾರ ಬಿಡ್ರಿ. 2003ರ ಪ್ಲಾಂಟ್ ಕ್ವಾರಂಟೀನ್ ಆದೇಶದ ಪ್ರಕಾರ ಪರವಾನಗಿ, ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ಗಿಡಕ್ಕ ರೋಗ, ಕೀಟ ಇಲ್ಲ ಅನ್ನೂ ಸರಕಾರಿ ಪತ್ರ) ಇಲ್ಲದ ಗಡ್ಡಿ ದೇಶದೊಳಗ ತರಂಗಿಲ್ಲ. ಅದರ ಮ್ಯಾಲ ಕಾಡಿನಾಗಿಂದು ಮನಸಿಗೆ ಬಂದಂಗ ಕಿತ್ತು ಮಾರಿದ್ದಕ್ಕ ಸ್ನೋಡ್ರಾಪ್‌ನ ಇಡೀ ಕುಲಾನ ಸೈಟಿಸ್ (ಕಾಡು ಗಿಡ, ಪ್ರಾಣಿ ವ್ಯಾಪಾರಕ್ಕ ಕಡಿವಾಣ ಹಾಕೂ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಾಗ ಸೇರಿಸ್ಯಾರ. ಕ್ಯಾಮರಾ ತುಂಬ ಫೋಟೋ ತರ್ರಿ, ಎಲಿ ಬುಡದ್ದೂ ತಗೀರಿ, ನನಗೂ ಕಳಸ್ರಿ.

ಪ್ರಶ್ನೆ: ಟ್ಯೂಲಿಪ್ ಗಡ್ಡಿ ಫ್ರಿಜ್‌ನ್ಯಾಗಿಟ್ಟು ಹೂ ಬಿಡಸ್ತಾರಂತ. ಸ್ನೋಡ್ರಾಪ್ ಹಂಗ ಮಾಡಿದ್ರ ನಮ್ಮಲ್ಲೆ ಬರ್ತೈತೇನು?
– ಓದುಗರು, ರಾಣೆಬೆನ್ನೂರು, ಹಾವೇರಿ ಜಿಲ್ಲಾ

ಬರೂದಿಲ್ಲ ಅಂತನ ತಿಳೀರಿ. ನಮ್ಮಲ್ಲೆ ಜನವರಿ ಥಂಡಿ ಅಂದ್ರೂ ರಾತ್ರಿ 13-14 ಡಿಗ್ರಿ, ಹಗಲು 30ರ ಹತ್ರ. ಅದಕ್ಕ ಬೇಕಾಗಿದ್ದು ವಾರಗಟ್ಟಲೆ ತಣ್ಣಗಿರೂ ಒದ್ದಿ ಮಣ್ಣು, ಫ್ರಿಜ್‌ನ ಒಣ ಗಾಳಿಯಾಗ ಆ ಸಣ್ಣ ಗಡ್ಡಿ ಸುಕ್ಕ ಹಿಡಿತೈತಿ. ಒಂದು ಹೂ ಬಂತು ಅಂತನ ಇಟ್ಕೊಳ್ರಿ, ಆಮ್ಯಾಲ ಎಲಿ ಎರಡು-ಮೂರು ತಿಂಗಳ ತಂಪಿನಾಗ ಹಸರಿದ್ದು ಗಡ್ಡಿ ತುಂಬಬೇಕು, ಅಷ್ಟರಾಗ ನಮ್ಮ ಮಾರ್ಚ್ ಬಿಸಲು ಸುಟ್ಟು ಹಾಕತೈತಿ. ಬಿಳಿ ಹೂವಿನ ಆಸೆ ಇದ್ದ್ರ ಸುಗಂಧರಾಜ ಹಚ್ರಿ, ರೈನ್ ಲಿಲ್ಲಿ ಹಚ್ರಿ.

ಪ್ರಶ್ನೆ: ಸ್ನೋಡ್ರಾಪ್ ಗಡ್ಡಿಯಿಂದ ಮರವಿನ ರೋಗಕ್ಕ ಔಷಧ ಮಾಡ್ತಾರಂತ ಓದೇನಿ. ನಮ್ಮ ತಂದಿಗೆ ಮರವು ಭಾಳ ಆಗೈತಿ. ರೈನ್ ಲಿಲ್ಲಿ ಅದ ಕುಟುಂಬ ಅಂದ್ರ ಅದನ್ನ ಅರದು ಕೊಡಬಹುದಾ?
– ಓದುಗರು, ಗದಗ

ಬ್ಯಾಡ್ರಿ, ಖಂಡಿತ ಬ್ಯಾಡ. ನೀವು ಓದಿದ್ದು ಗ್ಯಾಲಂಟಮೈನ್ ಬಗ್ಗೆ, 1950ರ ದಶಕದಾಗ ಸ್ನೋಡ್ರಾಪ್‌ನಿಂದ ಬ್ಯಾರೆ ಮಾಡಿದ್ದು, 2001ರಾಗ ಅಮೆರಿಕಾದಾಗ ಆಲ್‌ಝೈಮರ್ಸ್‌ಗೆ ಮಂಜೂರಾತಿ ಸಿಕ್ತು. ಅದು ಅಳತಿ ಹಿಡದು ಮಾಡಿದ ಗುಳಿಗಿ, ರೋಗದ ಲಕ್ಷಣ ಒಂದಷ್ಟು ಹತೋಟಿಗೆ ತರ್ತೈತಿ, ರೋಗ ಗುಣ ಮಾಡೂದಿಲ್ಲ, ಡಾಕ್ಟ್ರು ಬರದು ಕೊಟ್ರ ಮಾತ್ರ ತಗೋಬೇಕು. ಹಸಿ ಗಡ್ಡಿಯಾಗ ಲೈಕೋರಿನ್‌ನಂಥಾ ವಿಷ ಇರ್ತೈತಿ, ವಾಂತಿ, ಭೇದಿ, ಹೊಟ್ಟಿನೋವು ಹಿಡಿತೈತಿ, ವಯಸ್ಸಾದವ್ರಿಗೆ ಅದು ಭಾಳ ಕೆಟ್ಟ. ರೈನ್ ಲಿಲ್ಲಿ ಗಡ್ಡಿನೂ ಹಂಗ, ನೋಡಾಕ ಸಣ್ಣ ಉಳ್ಳಾಗಡ್ಡಿ ಇದ್ದಂಗ ಇರ್ತೈತಿ, ಅಡಗಿಮನಿ ಹತ್ರ ಬಿಚ್ಚಿಡಬ್ಯಾಡ್ರಿ. ತಂದಿಯವ್ರನ್ನ ನ್ಯೂರಾಲಜಿ ಡಾಕ್ಟ್ರಿಗೆ ತೋರಸ್ರಿ, ಥೈರಾಯ್ಡ್, ಬಿ12 ಕಡಿಮಿ ಆದ್ರೂ ಮರವು ಬರ್ತೈತಿ, ಅದು ರಕ್ತ ಪರೀಕ್ಷಾದಾಗ ಗೊತ್ತಾಗ್ತೈತಿ, ತಡಾ ಮಾಡಬ್ಯಾಡ್ರಿ.

ಪ್ರಶ್ನೆ: ಮಳಿಗಾಲದಾಗ ರೈನ್ ಲಿಲ್ಲಿ ಎಲಿ ಒಂದ ರಾತ್ರಿಗೆ ಖಾಲಿ ಆಗ್ತಾವ. ಯಾವ ಹುಳ?
– ಓದುಗರು, ಹಾವೇರಿ

ಕಪ್ಪು ಮೈಮ್ಯಾಲ ಬಿಳಿ ಚುಕ್ಕಿ, ಕೇಸರಿ ಚುಕ್ಕಿ ಇರೂ ಲಿಲ್ಲಿ ಪತಂಗದ ಹುಳ ಇರಬೇಕು, ಮೇ ಫ್ಲವರ್ ಲಿಲ್ಲಿನೂ ತಿಂತಾವ. ಎಲಿ ಹಿಂದ ತತ್ತಿ ಗುಂಪಾಗಿ ಇಟ್ಟಿರ್ತೈತಿ, ಕಂಡ ಕೂಡಲೆ ಆ ಎಲಿ ತುದಿ ಕತ್ತರಿಸಿ ಸಾಬೂನು ನೀರಿಗೆ ಹಾಕ್ರಿ. ಹುಳ ದೊಡ್ಡಾಗಿದ್ರ ಸಂಜಿಕ್ಕ ಕೈಲೆ ಆರಸ್ರಿ, ಸಣ್ಣವು ಇದ್ದ್ರ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣಿ, ಎರಡು ಹನಿ ಸಾಬೂನು ಕೂಡಿಸಿ ಹೊಡೀರಿ, ಮಳಿ ತೊಳಕೊಂಡು ಹೋದ್ರ ಮತ್ತ ಹೊಡೀಬೇಕು. ಎಲಿ ಪೂರಾ ತಿಂದ್ರೂ ಗಡ್ಡಿ ಗಟ್ಟಿ ಇದ್ದ್ರ ಹೊಸಾದು ಚಿಗಿತೈತಿ, ಕೀಳಾಕ ಅವಸರ ಮಾಡಬ್ಯಾಡ್ರಿ.