ರಾತ್ರಿಯಿಡೀ ಉರಿಸಲು ಯಾವ ಬಲ್ಬ್?

ಅಮ್ಮ ರಾತ್ರಿ ಎರಡು ಮೂರು ಸಲ ಬಚ್ಚಲಿಗೆ ಏಳುತ್ತಾರೆ, ಪ್ಯಾಸೇಜಿನಲ್ಲಿ ಜೀರೋ ಬಲ್ಬ್ ಇದೆ, ಅದಕ್ಕಿಂತ ಕಡಿಮೆ ಕರೆಂಟ್ ತಿನ್ನುವ ಅಗ್ಗದ ಬಲ್ಬ್ ಇದೆಯಾ ಅಂತ ಕೇಳಿದ್ದೀರಿ.

ಇದೆ. ಹಳೇ ತಂತಿಯ ಜೀರೋ ಬಲ್ಬ್ ಹೆಸರಿಗಷ್ಟೇ ಜೀರೋ, ಸುಮಾರು 15 ವ್ಯಾಟ್ ಎಳೆಯುತ್ತದೆ. ದಿನಕ್ಕೆ 10 ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್! ಅರ್ಧ ವ್ಯಾಟಿನ ಎಲ್‌ಇಡಿ ನೈಟ್ ಬಲ್ಬ್‌ಗೆ ಇಡೀ ತಿಂಗಳಿಗೆ 0.15 ಯೂನಿಟ್ ಸಾಕು. ಅದೇ ಹೋಲ್ಡರಿಗೆ ಕೂರುತ್ತದೆ, ವೈರಿಂಗ್ ಮುಟ್ಟುವುದೇ ಬೇಡ.

ಬಣ್ಣ ನೋಡಿ ತಗೊಳ್ಳಿ. ಅಂಗಡಿಯಲ್ಲಿ ಸುಮ್ನೆ ಕೇಳಿದರೆ ನೀಲಿಯದನ್ನೇ ಕೊಡುತ್ತಾರೆ. ನಾನೂ ಮೊದಲು ಅದನ್ನೇ ತಂದಿದ್ದೆ. ಗೋಡೆಯೆಲ್ಲ ನೀಲಿ, ಹೊಸ್ತಿಲು ಮಾತ್ರ ಕಾಣುತ್ತಿರಲಿಲ್ಲ. ನೀಲಿ ಬೆಳಕು ನಿದ್ದೆಗೂ ಒಳ್ಳೆಯದಲ್ಲ. ವಾರ್ಮ್ ವೈಟ್ ಕೇಳಿ, ಅಂದರೆ ಹಳದಿ ಛಾಯೆಯದು. ಕೆಳಗಿನ ಪ್ಲಗ್ ಪಾಯಿಂಟಿಗೆ ಹಾಕುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬೆಳಕು ಕಣ್ಣಿಗೆ ಹೊಡೆಯದೆ ನೆಲದ ಮೇಲೆ ಬೀಳುತ್ತದೆ, ವಯಸ್ಸಾದವರಿಗೆ ಬೇಕಿರುವುದು ಅದೇ ಅಲ್ವಾ?

ಬಚ್ಚಲಿಗೆ 5 ವ್ಯಾಟಿನ ಎಲ್‌ಇಡಿ ಸಾಕು. ಡಬ್ಬದ ಮೇಲೆ ವ್ಯಾಟ್ ಜೊತೆ ಲ್ಯೂಮೆನ್ ಕೂಡ ನೋಡಿ, ಅಂದರೆ ಬಲ್ಬ್ ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ. ಅದೇ ವ್ಯಾಟಿಗೆ ಲ್ಯೂಮೆನ್ ಜಾಸ್ತಿ ಇದ್ದಷ್ಟೂ ಲಾಭ.

ಹಾಂ, ಇನ್ನೊಂದು. ಆಫ್ ಮಾಡಿದ ಮೇಲೂ ಎಲ್‌ಇಡಿ ಮಿಣಿಮಿಣಿ ಅಂದರೆ ಬಲ್ಬ್ ಬದಲಿಸಲು ಓಡಬೇಡಿ. ಆಫ್ ಇದ್ದಾಗ ಮಿನುಗುವ ಚಿಕ್ಕ ದೀಪ ಸ್ವಿಚ್ಚಿನಲ್ಲೇ ಇರಬಹುದು. ಇಲ್ಲವೇ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ತಂತಿಯ ಬದಲು, ಅದು ವಾಪಸ್ ಹೋಗುವ ನ್ಯೂಟ್ರಲ್‌ಗೆ ಕೊಟ್ಟಿರಬಹುದು. ಹಾಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ, ಆಫ್ ಇದ್ದರೂ ಹೋಲ್ಡರ್ ಶಾಕ್ ಹೊಡೆಯುತ್ತದೆ.