'ಡಿಸ್‌ಅರೇ ಕಾಣಲಿಲ್ಲ' ಎಂದರೆ ಎಚ್‌ಸಿಎಂ ಇಲ್ಲವೆಂದೇ?

ಮೈಯೆಕ್ಟಮಿಯಲ್ಲಿ (ದಪ್ಪಗಾದ ಹೃದಯಸ್ನಾಯುವನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ) ನಿಮ್ಮ ಅಣ್ಣನ ಹೃದಯದ ನಡುಗೋಡೆಯಿಂದ ತೆಗೆದ ತುಣುಕಿನ ವರದಿಯಲ್ಲಿ 'ಡಿಸ್‌ಅರೇ ಕಾಣಲಿಲ್ಲ' ಎಂದಿದೆ, ಹಾಗಾದರೆ ಇದು ವಂಶದಲ್ಲಿ ಬರುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ (ಎಚ್‌ಸಿಎಂ, ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ) ಅಲ್ಲವೇ ಎಂದು ಕೇಳಿದ್ದೀರಿ. ಆ ಒಂದು ಸಾಲು ನೋಡಿ ಹಾಗೆ ಹೇಳಲು ಬರುವುದಿಲ್ಲ. ದಯವಿಟ್ಟು ಅದನ್ನು ನಂಬಿ ಮನೆಯವರ ತಪಾಸಣೆ ಬಿಡಬೇಡಿ.

ಹೃದಯದ ಸ್ನಾಯುಕೋಶಗಳು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಸಾಲಾಗಿರಬೇಕು. ಈ ಕಾಯಿಲೆಯಲ್ಲಿ ಅವು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡು, ಕೆಲವೆಡೆ ಸುಳಿಯಂತೆ ತಿರುಗಿರುತ್ತವೆ. ಕೋಶಗಳು ದಪ್ಪ, ಕವಲೊಡೆದಿರುತ್ತವೆ. ನ್ಯೂಕ್ಲಿಯಸ್ ದೊಡ್ಡದು, ಕಡುಬಣ್ಣದ್ದು, ಆಕಾರಗೆಟ್ಟದ್ದು. ಇದೇ ಡಿಸ್‌ಅರೇ. ಆದರೆ ಇದು ಗೋಡೆಯ ತುಂಬ ಸಮನಾಗಿ ಹರಡಿರದೆ ಅಲ್ಲಲ್ಲಿ ಇರುತ್ತದೆ, ಗೋಡೆಯ ಆಳದಲ್ಲೇ ಹೆಚ್ಚು. ಶಸ್ತ್ರಚಿಕಿತ್ಸೆಯಲ್ಲಿ ಸಿಗುವುದು ಎಡ ಕುಹರದ ಕಡೆಯ ಮೇಲಿನ ಪದರ. ಅಲ್ಲಿ ಮೈಟ್ರಲ್ ಕವಾಟದ ಎಸಳು ಬಡಿದು ಬಡಿದು ಒಳಪೊರೆ ಬೆಳ್ಳಗೆ ದಪ್ಪಗಟ್ಟಿರುತ್ತದೆ. ತುಣುಕು ತೆಳುವಾಗಿದ್ದರೆ ಸ್ಲೈಡ್‌ನಲ್ಲಿ ಆ ಪೊರೆಯೇ ಹೆಚ್ಚು.

ಹಾಗಾಗಿ ವರದಿಯಲ್ಲಿ ಬೇರೆ ಮೂರು ಮಾತು ಹುಡುಕಿ: ಕೋಶಗಳ ಹೈಪರ್‌ಟ್ರೋಫಿ (ದಪ್ಪಗಾಗುವುದು), ಕೋಶಗಳ ನಡುವೆ ಫೈಬ್ರೋಸಿಸ್ (ನಾರು ಕಟ್ಟುವುದು; ಮ್ಯಾಸನ್ ಟ್ರೈಕ್ರೋಮ್ ಬಣ್ಣದಲ್ಲಿ ಸ್ನಾಯು ಕೆಂಪು, ನಾರು ನೀಲಿ), ಗೋಡೆ ದಪ್ಪವಾಗಿ ಒಳದಾರಿ ಕಿರಿದಾದ ಸಣ್ಣ ರಕ್ತನಾಳಗಳು. ಮೂರೂ ಇದ್ದರೆ ಎಚ್‌ಸಿಎಂಗೆ ಹೊಂದುತ್ತದೆ.

ಡಿಸ್‌ಅರೇ ಕಂಡಮಾತ್ರಕ್ಕೂ ಕಾಯಿಲೆ ಎನ್ನಲಾಗದು. ನಡುಗೋಡೆಗೆ ಬಲ ಕುಹರದ ಗೋಡೆ ಕೂಡುವ ಜಾಗದಲ್ಲಿ, ಹಳೆಯ ಗಾಯದ ಕಲೆಯ ಸುತ್ತ ಅದು ಯಾರಲ್ಲಾದರೂ ಇರಬಹುದು. ತುಣುಕನ್ನು ಓರೆಯಾಗಿ ಕತ್ತರಿಸಿದರೂ, ಚಿಮಟದಲ್ಲಿ ಹಿಸುಕಿದರೂ ಹಾಗೆ ತೋರುತ್ತದೆ.

ನಾನಾದರೆ ಪ್ಯಾಥಾಲಜಿಸ್ಟರನ್ನು ಮುಖ್ಯವಾಗಿ ಕೇಳುವುದು ಇದು: ಕೋಶಗಳೊಳಗೆ ಖಾಲಿ ಗುಳ್ಳೆಗಳಿದ್ದವೇ? ಗೋಡೆ ದಪ್ಪವಾಗಿಸಿ ಎಚ್‌ಸಿಎಂನಂತೆಯೇ ಕಾಣುವ ಫ್ಯಾಬ್ರಿ, ಡ್ಯಾನನ್ ಕಾಯಿಲೆಗಳು ಅಲ್ಲೇ ಸಿಕ್ಕಿಬೀಳುವುದು. ಫ್ಯಾಬ್ರಿಯಲ್ಲಿ ತುಂಬಿಕೊಂಡ ಕೊಬ್ಬು ಪ್ಯಾರಾಫಿನ್ ಸಂಸ್ಕರಣೆಯಲ್ಲಿ ಕರಗಿಹೋಗಿ ತೂತುಗಳಷ್ಟೇ ಉಳಿಯುತ್ತವೆ. ಅದಕ್ಕೇ ಒಂದು ಚೂರನ್ನು ಮೊದಲೇ ಗ್ಲುಟರಾಲ್ಡಿಹೈಡ್‌ನಲ್ಲಿಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಾಯ್ದಿಡುವುದು ಒಳ್ಳೆಯದು. ಫ್ಯಾಬ್ರಿಗೆ ಪ್ರತ್ಯೇಕ ಔಷಧಿಯೇ ಇದೆ, ಆದ್ದರಿಂದ ಈ ಪ್ರಶ್ನೆ ಸಣ್ಣದಲ್ಲ. ಅಮಿಲಾಯ್ಡ್‌ಗೆ (ಹೃದಯದಲ್ಲಿ ಶೇಖರವಾಗಿ ಗೋಡೆ ದಪ್ಪವಾಗಿಸುವ ಅಸಹಜ ಪ್ರೋಟೀನ್) ಕಾಂಗೋ ರೆಡ್ ಬಣ್ಣ ಹಾಕಿದರೆಂಬುದನ್ನೂ ಖಚಿತಪಡಿಸಿಕೊಳ್ಳಿ.

ಜೀನ್ ಪರೀಕ್ಷೆಗೆ ಅಣ್ಣನ ರಕ್ತ ಸಾಕು; ಮೊದಲು ನೋಡುವುದು ಎಂವೈಎಚ್7, ಎಂವೈಬಿಪಿಸಿ3. ಅದರಲ್ಲಿ ಏನೂ ಸಿಗದಿದ್ದರೂ ಕಾಯಿಲೆ ಇಲ್ಲವೆಂದಲ್ಲ. ನೀವು, ಒಡಹುಟ್ಟಿದವರು, ತಂದೆತಾಯಿ, ಅಣ್ಣನ ಮಕ್ಕಳು ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಿ. ಈಗ ಸರಿಯಿದ್ದರೂ ವೈದ್ಯರು ಹೇಳಿದ ಅವಧಿಗೆ ಮತ್ತೆ ಮಾಡಿಸಬೇಕು, ಗೋಡೆ ದಪ್ಪವಾಗುವುದು ಎಷ್ಟೋ ಜನರಲ್ಲಿ ತಡವಾಗಿ.